ಮೊಣಕಾಲು ದಾಟಿದ ಹೊದಿಕೆ

ನಮ್ಮ ರಾಜ್ಯದಲ್ಲಿ ಬಡವನ ಹೊದಿಕೆ ಮೊಣಕಾಲು ದಾಟಿ ಇಳಿದರೆ ಅಪರಾಧ. ಇದನ್ನು ಹೇಳುವಾಗಲೇ ನನ್ನ ಬಾಯಿ ಕಹಿಯಾಗುತ್ತದೆ, ಆದರೂ ಹೇಳುತ್ತೇನೆ. ಹತ್ತಿ ದೊಡ್ಡವರಿಗೆ, ಕತ್ತಾಳೆ ನಾರು ನಮಗೆ. ದೊಡ್ಡವರದು ಪಾದ ಮುಟ್ಟಬಹುದು, ನಮ್ಮದು ಮೊಣಕಾಲಿಗೇ ನಿಲ್ಲಬೇಕು. ನಿಲ್ಲದಿದ್ದರೆ ಪೇಟೆಯ ನಡುವೆ ತಲೆ ಬೋಳಿಸಿ, ಮನೆ ಕೆಡವಿ ಹಾಕುತ್ತಾರೆ. ಒಂದು ವಿನಾಯಿತಿ ಮಾತ್ರ ಇಟ್ಟಿದ್ದಾರೆ ಪುಣ್ಯಾತ್ಮರು. ಯುದ್ಧದಲ್ಲಿ ಕಾಲಿಗೆ ಏಟು ತಿಂದವನು, ಎಷ್ಟೇ ಬಡವನಾಗಿರಲಿ, ಆ ಗಾಯ ಮುಚ್ಚುವಷ್ಟು ಉದ್ದಕ್ಕೆ ಹೊದೆಯಬಹುದು. ನಮ್ಮ ಚಾಪೋಲ್ ಈ ಮಾತನ್ನು ನಂಬಿಬಿಟ್ಟ.

ನಾನು ಸರೋವರದ ನಡುವಿನ ನಮ್ಮ ಊರಿನ ತ್ಲಾತೆಲೋಲ್ಕೊ ಪೇಟೆಯಲ್ಲಿ ಜೋಳದ ಕಡುಬು ಮಾರುವವಳು. ಚಾಪೋಲ್ ನಮ್ಮ ಕೇರಿಯ ಹೊರೆಯಾಳು. ಅವನ ಹೆಂಡತಿ ಶೋಕೊ ನನ್ನ ಪಕ್ಕದ ಮನೆಯವಳು, ನನ್ನ ಕಣ್ಣೆದುರಿಗೇ ಬೆಳೆದವಳು. ಹಾಗಾಗಿ ಅವನೂ ನನ್ನನ್ನು ಅಕ್ಕ ಎಂದೇ ಕರೆಯುತ್ತಿದ್ದ. ದಿನಾ ಬೆಳಿಗ್ಗೆ ನನ್ನ ಚಾಪೆಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಎರಡು ಕಡುಬು ತಿನ್ನುತ್ತಿದ್ದ. ಮೆಣಸಿನಕಾಯಿ ಗೊಜ್ಜು ಎಷ್ಟು ಹಾಕಿದರೂ ಅವನಿಗೆ ಸಾಲದು. ಮಾತು ಕಡಿಮೆ. ಇಪ್ಪತ್ತು ವರ್ಷ ಬೆನ್ನ ಹೊರೆಯನ್ನು ಹಣೆಪಟ್ಟಿಗೆ ಕಟ್ಟಿ ಹೊತ್ತು ಹೊತ್ತು ಅವನ ನೆತ್ತಿಯ ಮುಂಭಾಗದಲ್ಲಿ ಕೂದಲೇ ಹುಟ್ಟುತ್ತಿರಲಿಲ್ಲ.

ಹೊರುತ್ತಿದ್ದುದಾದರೂ ಏನು? ಹತ್ತಿ! ಸೋತ ನಾಡುಗಳವರು ನಮ್ಮ ದೊರೆಗೆ ಕಪ್ಪವಾಗಿ ಒಪ್ಪಿಸುವ ಉದ್ದುದ್ದ ಹತ್ತಿ ಹೊದಿಕೆಗಳು, ಮೂಟೆಗಟ್ಟಲೆ. ಬೆಟ್ಟ ಹತ್ತಿ ಇಳಿದು, ಸರೋವರದ ಏರಿಯ ಮೇಲೆ ನಡೆದು ಊರು ಸೇರಿಸಬೇಕು. ಇವತ್ತು ಅರಮನೆಯ ಅಂಗಳದಲ್ಲಿ ಪಾದದವರೆಗೆ ಹೊದ್ದು ಮೆರೆಯುವವರ ಮೈಮೇಲಿನ ಬಟ್ಟೆಯಲ್ಲಿ ಎಷ್ಟು ಇವನ ಬೆನ್ನ ಮೇಲೆ ಬಂದದ್ದೋ! ಅವರೇ ಕೊನೆಗೆ ಇವನ ಬಟ್ಟೆಯ ಉದ್ದ ಅಳೆದರು. ಹೊಟ್ಟೆ ಉರಿಯದೆ ಇರುತ್ತದೆಯೇ?

ಆ ವರ್ಷ ಮಿಶ್ತೇಕರ ಬೆಟ್ಟನಾಡಿನಿಂದ ಕಪ್ಪ ತರುವ ತಂಡದಲ್ಲಿ ಅವನಿದ್ದ. ನಲವತ್ತು ಹೊರೆಯಾಳುಗಳು, ಕಾವಲಿಗೆ ಹತ್ತು ಮಂದಿ ಯೋಧರು. ಅವರಲ್ಲೊಬ್ಬ ಸಿಪಾಕ್, ಆಗಿನ್ನೂ ಹೆಸರು ಮಾಡದ ಹುಡುಗ. ಕಣಿವೆಯ ಕಿರುದಾರಿಯಲ್ಲಿ ಬೆಟ್ಟದವರು ಮೇಲೆ ಬಿದ್ದರು. ಹೊರೆಯಾಳುಗಳು ಮೂಟೆ ಎಸೆದು ಓಡಿದರು. ತಪ್ಪೇನಿಲ್ಲ, ಅವರ ಕೈಯಲ್ಲಿ ಏನಿತ್ತು? ಆದರೆ ಯೋಧರೂ ಓಡಿದರಲ್ಲ, ಅದಕ್ಕೇನು ಹೇಳೋಣ! ಚಾಪೋಲ್ ಮಾತ್ರ ದಾರಿ ಇಕ್ಕಟ್ಟಾದ ಕಡೆ ಬಂಡೆಗೆ ಹೊರೆ ಒತ್ತಿ ನಿಂತು ಊರುಗೋಲು ಬೀಸಿದ. ಯಾಕೆ ನಿಂತೆ ಎಂದು ಎಷ್ಟೋ ದಿನದ ಮೇಲೆ ನಾನು ಕೇಳಿದ್ದೆ.

“ಹೊರೆ ಬಿಟ್ಟೋನಿಗೆ ಮತ್ತೆ ಯಾರು ಹೊರೆ ಕೊಡ್ತಾರಕ್ಕಾ?” ಎಂದಿದ್ದ.

ಬೆಟ್ಟದವರ ದೊಣ್ಣೆಗಳ ಅಂಚಿಗೆ ಕರಿಗಾಜುಕಲ್ಲಿನ ಅಲಗುಗಳನ್ನು ಸಾಲಾಗಿ ಕೂರಿಸಿರುತ್ತಾರೆ. ಆ ದೊಣ್ಣೆಯಲ್ಲಿ ಅವನ ಎರಡೂ ಕಾಲಿಗೆ ಬಾರಿಸಿದರು. ಅವನು ಬೀಳಲಿಲ್ಲ, ಬದಲಿಗೆ ಒಬ್ಬನ ತಲೆಗೆ ಬಿಟ್ಟು ಅವನನ್ನೇ ಕೆಡವಿದ. ಅಷ್ಟರಲ್ಲಿ ಓಡಿದ್ದ ಯೋಧರು ಒಟ್ಟಾಗಿ ತಿರುಗಿ ಬರುವುದು ಕಂಡು ಉಳಿದವರು ಬೆಟ್ಟ ಹತ್ತಿದರು. ಎಲ್ಲರಿಗಿಂತ ಮೊದಲು ಬಂದ ಸಿಪಾಕ್ ನೆಲದ ಮೇಲೆ ಬಿದ್ದಿದ್ದವನ ಜುಟ್ಟು ಹಿಡಿದು ಎಳೆದು, “ಇವನು ನನ್ನ ಸೆರೆಯಾಳು!” ಎಂದು ಕೂಗಿದ.

ನಮ್ಮಲ್ಲಿ ಯೋಧನ ಯೋಗ್ಯತೆಯನ್ನು ಸೆರೆ ಹಿಡಿದವರ ಲೆಕ್ಕದಲ್ಲೇ ಅಳೆಯುವುದು. ಸಿಪಾಕನಿಗೆ ಪಟ್ಟೆಪಟ್ಟೆಯ ಹತ್ತಿ ಹೊದಿಕೆ ಬಂತು, ಕೆಳತುಟಿಗೆ ಆಭರಣ ಬಂತು, ನಾಯಕ ಎಂಬ ಹೆಸರೂ ಬಂತು. ಇನ್ನೊಬ್ಬನು ಕೆಡವಿದವನನ್ನು ತಾನು ಹಿಡಿದೆ ಎಂದವನಿಗೆ ಮರಣದಂಡನೆ, ಅದೂ ಕಟ್ಟಳೆಯೇ. ಆದರೆ ನಡೆದದ್ದನ್ನು ಹತ್ತಿರದಿಂದ ನೋಡಿದವರು, ಚಾಪೋಲನನ್ನು ಬಿಟ್ಟರೆ, ಇಬ್ಬರೇ. ಒಬ್ಬ ಸಿಪಾಕ್, ಇನ್ನೊಬ್ಬ ಆ ಸೆರೆಯಾಳು. ಸೆರೆಯಾಳು ಬಲಿಗೆಂದು ಗುಡಿಯ ಮೆಟ್ಟಿಲು ಹತ್ತಿದವನು ಇಳಿಯಲಿಲ್ಲ.

ಚಾಪೋಲನನ್ನು ಜೊತೆಯವರು ಸರದಿಯ ಮೇಲೆ ಬೆನ್ನಿಗೆ ಹಾಕಿಕೊಂಡು ಮನೆ ಮುಟ್ಟಿಸಿದರು. ಜೀವ ಉಳಿಯಿತು, ಕಾಲು ಮಾತ್ರ ಮೊದಲಿನ ಹಾಗಾಗಲಿಲ್ಲ. ಮೊಣಕಾಲಿನಿಂದ ಪಾದದ ಹರಡಿನವರೆಗೆ ಬಾಚಣಿಗೆ ಎಳೆದಂತೆ ಸಾಲು ಸಾಲು ಕಲೆ. ಸೆಕೆಯಲ್ಲಿ ಅದು ಒಡೆದು ನೊಣ ಮುತ್ತುತ್ತಿತ್ತು, ಚಳಿಗಾಲದಲ್ಲಿ ಸರೋವರದ ಗಾಳಿ ತಗುಲಿದರೆ ಊದಿಕೊಳ್ಳುತ್ತಿತ್ತು. ದೂರದ ಹೊರೆ ಕೈಬಿಟ್ಟು ಹೋಯಿತು. ದೋಣಿ ಕಟ್ಟೆಯಿಂದ ಪೇಟೆಗೆ ಸಣ್ಣಪುಟ್ಟ ಮೂಟೆ ಹೊರುವುದೇ ಅವನ ಪಾಲಿಗೆ ಉಳಿದದ್ದು.

ಮೂರನೆಯ ಚಳಿಗಾಲದಲ್ಲಿ ಶೋಕೊ ಹಟ ಹಿಡಿದು, ಕತ್ತಾಳೆ ನಾರು ತಂದು, ಹರಡು ಮುಚ್ಚುವ ಹೊದಿಕೆ ನೇಯ್ದಳು.

“ಶೋಕೊ, ಯಾರಾದ್ರೂ ನೋಡಿದ್ರೆ?” ಎಂದ ಚಾಪೋಲ್.

“ನೋಡ್ಲಿ! ನೀನೇನು ಮದುವೆ ಊಟಕ್ಕೆ ಹೋಗಿ ಗಾಯ ಮಾಡ್ಕೊಂಡು ಬಂದ್ಯಾ? ಕಟ್ಟಳೇಲೇ ಇದೆ, ಹೊದ್ಕೋ ಸುಮ್ನೆ,” ಎಂದಳು ಅವಳು. ನಾನೂ ಅವಳ ಮಾತಿಗೆ ದನಿಗೂಡಿಸಿದೆ. ಆ ಪಾಪದಲ್ಲಿ ನನ್ನ ಪಾಲೂ ಇದೆ.

ಹನ್ನೆರಡು ದಿನ ನೆಮ್ಮದಿಯಾಗಿ ಹೊದ್ದ. ಹದಿಮೂರನೆಯ ದಿನ ಪೇಟೆಯ ಕಾವಲಿನವನು ನನ್ನ ಚಾಪೆಯ ಮುಂದೆಯೇ ಅವನನ್ನು ತಡೆದು, ಕೋಲಿನಿಂದ ಹೊದಿಕೆಯ ಅಂಚು ಎತ್ತಿದ.

“ಏನೋ ಇದು, ರಾಜಕುಮಾರನ ಹಂಗೆ ನೆಲ ಗುಡಿಸ್ಕೊಂಡು ಓಡಾಡ್ತಿದೀಯ?”

“ಗಾಯ ಇದೆ, ಬುದ್ಧೀ. ಬೆಟ್ಟನಾಡಲ್ಲಿ ಬಿದ್ದ ಏಟು.”

“ನೀನು ಯೋಧನಾ?”

“ಹೊರೆಯಾಳು, ಬುದ್ಧೀ.”

“ಹೊರೆಯಾಳಿಗೆ ಎಲ್ಲಿಂದ ಬಂತಪ್ಪ ಯುದ್ಧದ ಗಾಯ? ನಡಿ ಚಾವಡಿಗೆ!”

ಪೇಟೆಯ ಚಾವಡಿಯಲ್ಲಿ ಮೂವರು ನ್ಯಾಯಗಾರರು ಕೂತಿದ್ದರು. ನಾನು ಕಡುಬಿನ ಬುಟ್ಟಿಯನ್ನು ಪಕ್ಕದವಳಿಗೆ ಒಪ್ಪಿಸಿ ಓಡಿದೆ, ಶೋಕೊ ಹಿಟ್ಟಿನ ಕೈಯಲ್ಲೇ ಬಂದಳು. ಮೂವರಲ್ಲಿ ಹಿರಿಯವರು ಬಗ್ಗಿ ಕಾಲನ್ನು ನೋಡಿದರು. ತುಂಬ ಹೊತ್ತು ನೋಡಿದರು. ಅವರಿಗೆ ಗೊತ್ತಾಗದೆ ಇರಲಿಲ್ಲ. ಆದರೂ, “ಗಾಯ ಯುದ್ಧದ್ದು ಅಂತ ಅಲ್ಲಿದ್ದ ಯೋಧ ಒಬ್ಬ ಹೇಳ್ಬೇಕು. ಹೇಳಿದ್ರೆ ಹೊದ್ಕೊಂಡು ಹೋಗು. ಇಲ್ದಿದ್ರೆ ತಲೆ ಬೋಳಿಸಿ, ನಿನ್ನ ಮನೆ ಕೆಡವ್ಬೇಕಾಗುತ್ತೆ,” ಎಂದರು. ಚಾಪೋಲ್ ಸಿಪಾಕನ ಹೆಸರು ಹೇಳಿದ. ಪಾಪ, ಹೇಳುವಾಗ ಅವನ ಮುಖದಲ್ಲಿ ಧೈರ್ಯವಿತ್ತು.

ಸಿಪಾಕ್ ಬಂದ. ಪಟ್ಟೆ ಹೊದಿಕೆ ಪಾದದವರೆಗೆ ಇಳಿದಿತ್ತು. ಒಳಗಿದ್ದ ಕಾಲುಗಳ ಮೇಲೆ ಸೊಳ್ಳೆ ಕಚ್ಚಿದ ಗುರುತೂ ಇರಲಿಲ್ಲ ಎಂದು ನಾನು ಆಣೆ ಮಾಡಿ ಹೇಳಬಲ್ಲೆ. ಚಾಪೋಲನನ್ನು ಒಮ್ಮೆ ನೋಡಿ ಕಣ್ಣು ಆಚೆ ತಿರುಗಿಸಿದ. ಏಟು ಬಿದ್ದದ್ದು ಹೊಡೆದಾಟದಲ್ಲಿ ಎಂದರೆ, ಓಡಿದವರು ಯಾರು, ನಿಂತವರು ಯಾರು, ಸೆರೆಯಾಳನ್ನು ಕೆಡವಿದ್ದು ಯಾರು ಎಂಬ ಪ್ರಶ್ನೆಗಳು ಒಂದರ ಹಿಂದೊಂದು ಬರುತ್ತವೆ. ಅವನ ತಲೆಯೇ ಹೋಗುತ್ತದೆ.

“ಹೌದು, ಇವನು ನಮ್ಮ ತಂಡದ ಹೊರೆಯಾಳು,” ಎಂದ. “ಎಲ್ಲರ ಜೊತೆ ಓಡ್ತಾ ಕಲ್ಲಿನ ಮೇಲೆ ಬಿದ್ದ. ನಾನೇ ಕಣ್ಣಾರೆ ನೋಡ್ದೆ.”

ನನಗೆ ತಡೆಯಲಾಗಲಿಲ್ಲ. “ಏನಯ್ಯಾ, ಆ ಕಲ್ಲಿಗೆ ಹಲ್ಲಿದ್ವಾ? ಸಾಲಾಗಿ ಕಚ್ಚಿದೆಯಲ್ಲ!” ಎಂದು ಕಿರುಚಿದೆ. ಕಾವಲಿನವನು ರಟ್ಟೆ ಹಿಡಿದು ನನ್ನನ್ನು ಬಾಗಿಲಾಚೆ ದಬ್ಬಿದ. ಅಲ್ಲಿಂದಲೇ ಉಳಿದದ್ದನ್ನು ಕೇಳಿದೆ. ಸಿಪಾಕನ ದನಿ ಈಗ ಜೇನಿನಷ್ಟು ಸಿಹಿಯಾಗಿತ್ತು. “ಪಾಪ, ಬಡವ. ತಿಳೀದೆ ಮಾಡಿದಾನೆ. ತಲೆ ಬೋಳಿಸೋದು, ಮನೆ ಕೆಡವೋದು ಬೇಡ. ಬಟ್ಟೆ ಕತ್ತರಿಸಿ ಬಿಟ್ಬಿಡಿ.” ಕಾಲು ಮುರಿದು ಊರುಗೋಲು ದಾನ ಕೊಟ್ಟನಂತೆ, ಅಂಥ ಔದಾರ್ಯ! ನ್ಯಾಯಗಾರರು ಒಪ್ಪಿದರು. ಕಾವಲಿನವನು ಕರಿಗಾಜುಕಲ್ಲಿನ ಅಲಗು ತಂದು, ಶೋಕೊ ಇಪ್ಪತ್ತು ದಿನ ಕೂತು ನೇಯ್ದಿದ್ದನ್ನು ಮೊಣಕಾಲಿನ ಮಟ್ಟಕ್ಕೆ ಸರಕ್ಕನೆ ಕೊಯ್ದ. ಕೆಳಗೆ ಬಿದ್ದ ತುಂಡನ್ನು ಶೋಕೊ ಎತ್ತಿಕೊಳ್ಳಲು ಹೋದರೆ ಅದಕ್ಕೂ ಬಿಡಲಿಲ್ಲ.

ದಾರಿಯಲ್ಲಿ ನಾನು ಚಾಪೋಲನ ಮೇಲೆ ಹರಿಹಾಯ್ದೆ. “ಬಾಯಲ್ಲೇನು ಕಡುಬಿಟ್ಕೊಂಡಿದ್ದೆಯಾ? ಸೆರೆಯಾಳಿನ ವಿಷಯ ಅಲ್ಲೇ ಬಿಚ್ಚಿ ಹೇಳೋದಲ್ವಾ?”

“ಸಾಕ್ಷಿ ಎಲ್ಲಕ್ಕಾ? ನಾಯಕನ ಮೇಲೆ ಸುಳ್ಳು ಹೊರಿಸ್ದ ಅಂತ ನನ್ನನ್ನೇ ಮುಗಿಸ್ತಿದ್ರು. ಈಗ ಮನೆಯಾದ್ರೂ ಉಳೀತಲ್ಲ.”

ಬಡವನ ಕೋಪ ದವಡೆಗೆ ಮೂಲ ಎನ್ನುತ್ತಾರೆ. ನನ್ನ ದವಡೆ ಅವತ್ತು ನಿಜವಾಗಿಯೂ ನೋಯುತ್ತಿತ್ತು, ಅಷ್ಟು ಹಲ್ಲು ಕಡಿದಿದ್ದೆ.

ಮರುದಿನ ಚಾಪೋಲ್ ಪೇಟೆಯ ಬಾಗಿಲಲ್ಲಿ, ಹೊರೆಯಾಳುಗಳು ಕೆಲಸಕ್ಕೆ ಕಾಯುವ ಜಾಗದಲ್ಲಿ ಬಂದು ಕೂತ. ಎರಡೂ ಕಾಲನ್ನು ಮುಂದಕ್ಕೆ ಚಾಚಿಕೊಂಡಿದ್ದ. ಇಷ್ಟು ವರ್ಷ ಅವನು ಆ ಕಾಲನ್ನು ಮಡಿಸಿ, ಮೂಟೆಯ ಮರೆಯಲ್ಲಿಟ್ಟು ಕೂರುತ್ತಿದ್ದುದರಿಂದ ಯಾರೂ ಸರಿಯಾಗಿ ನೋಡಿರಲಿಲ್ಲ. ಹೋಗಿ ಬರುವವರು ನಿಂತರು.

“ಅಯ್ಯೋ ಅಣ್ಣಾ, ಏನಾಯ್ತು ಕಾಲಿಗೆ?”

“ಕಲ್ಲಿನ ಮೇಲೆ ಬಿದ್ದೆ. ಸಿಪಾಕ್ ನಾಯಕರು ಕಣ್ಣಾರೆ ನೋಡಿದಾರೆ. ಚಾವಡೀಲೂ ಹೇಳಿದಾರೆ.”

ಅಷ್ಟೇ. ಒಂದು ಮಾತು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಯಾರು ಕೇಳಿದರೂ ಅದೇ, ನಗದೆ ಹೇಳುತ್ತಿದ್ದ. ಹಳೆಯ ಯೋಧರು ಪೇಟೆಗೆ ಬರುತ್ತಾರಲ್ಲ, ಇಡೀ ಆಯುಷ್ಯ ಆ ಹಲ್ಲಿನ ದೊಣ್ಣೆ ಬೀಸಿದವರು, ಅವರಿಗೆ ಗಾಯದ ಭಾಷೆ ಬರುವುದಿಲ್ಲವೇ? ಒಬ್ಬ ಒಕ್ಕಣ್ಣ ಮುದುಕ ಚಾಪೋಲನ ಕಾಲನ್ನು ಬೆರಳಿನಿಂದ ಸವರಿ ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕ. “ಎಲ್ಲಪ್ಪಾ ಸಿಗುತ್ತೆ ಇಂಥ ಕಲ್ಲು? ಸಿಪಾಕನ್ನ ಕೇಳಿ ನಾಲ್ಕು ತರಿಸಿ, ದಂಡಿಗೆ ಹಂಚೋಣ!” ಎಂದ.

ಬೇಸಿಗೆ ಬರುವಷ್ಟರಲ್ಲಿ ಮಾತು ಊರೆಲ್ಲ ಹಬ್ಬಿತು. ಮೀನಿನವಳು ನಿನ್ನೆಯ ಮೀನನ್ನು ಇವತ್ತಿನದು ಎಂದರೆ, “ಹೌದೌದು, ಕಲ್ಲಿನ ಮೇಲೆ ಬಿದ್ದಿತ್ತು!” ಎಂದು ಗಿರಾಕಿಗಳು ನಗುವರು. ಸಿಪಾಕ್ ಪೇಟೆಗೆ ಕಾಲಿಟ್ಟರೆ ಸಾಕು, ಮಾತು ನಿಲ್ಲುವುದು, ಎಲ್ಲರೂ ನೆಲದ ಮೇಲಿನ ಕಲ್ಲುಗಳನ್ನೇ ನೋಡುವರು. ಯಾರೂ ಅವನನ್ನು ಬೈಯಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಇವನು ಯಾರೂ ಏನೂ ಅನ್ನದೆಯೇ ಮುಟ್ಟಿಕೊಳ್ಳತೊಡಗಿದ. ಅಂದು ಸೆರೆ ಹಿಡಿದದ್ದು ಹೇಗೆ ಎಂದು ಅವನ ಜೊತೆಯವರೇ ಕೇಳತೊಡಗಿದರಂತೆ.

ಇಷ್ಟಾದರೂ ಚಾಪೋಲನಿಗೆ ಸುಖವೇನಿತ್ತು? ಬಿಸಿಲಿಗೆ ಕಾಲು ಒಡೆದು ನೀರು ಸೋರುತ್ತಿತ್ತು. ಸಂಜೆ ಶೋಕೊ ಬೆಚ್ಚಗೆ ಎಲೆ ಕಟ್ಟುತ್ತ ಅಳುತ್ತಿದ್ದಳು. “ಮೂಲೇಲಿ ಕೂತ್ಕೋ, ಬಾಗಿಲಲ್ಲಿ ಬೇಡ” ಎಂದು ನಾನೇ ಹೇಳಿದೆ. ಕೇಳಲಿಲ್ಲ.

ಒಂದು ಮಧ್ಯಾಹ್ನ ಸಿಪಾಕ್ ಅವರ ಮನೆಗೆ ಬಂದ. ಆಳಿಲ್ಲ, ಕಾಳಿಲ್ಲ, ಒಬ್ಬನೇ. ಕಂಕುಳಲ್ಲಿ ಒಂದು ದೊಡ್ಡ ಗಂಟು. ಶೋಕೊ ಜೋಳ ಅರೆಯುತ್ತಿದ್ದಳು, ನಾನು ಕಡುಬು ಕಟ್ಟುತ್ತಿದ್ದೆ. ನಮ್ಮನ್ನು ಎದ್ದು ಹೋಗಿ ಎಂದು ಅವನೂ ಹೇಳಲಿಲ್ಲ, ನಾವೂ ಏಳಲಿಲ್ಲ. ಅವನು ಗಂಟು ಬಿಚ್ಚಿದ. ಬೆಳ್ಳನೆಯ ಹತ್ತಿ ಹೊದಿಕೆ, ಮೋಡದಷ್ಟು ಮೃದು.

“ಹಳೇದೆಲ್ಲ ಮರ್ತುಬಿಡೋಣ, ಚಾಪೋಲ್,” ಎಂದ. “ನಂಗೆ ಈಗ ನೆನಪಾಯ್ತು, ಇವನಿಗೆ ಬಿದ್ದಿದ್ದು ಶತ್ರು ಏಟೇ ಅಂತ ಚಾವಡೀಲಿ ಹೇಳ್ತೀನಿ. ಇದಕ್ಕೂ ಅಪ್ಪಣೆ ಕೊಡಿಸ್ತೀನಿ. ಪಾದದ ತನಕ ಬರುತ್ತೆ ನೋಡು. ಹೊದ್ಕೋ.”

ಶೋಕೊಳ ಕೈಯಲ್ಲಿ ಅರೆಯುವ ಕಲ್ಲು ನಿಂತಿತು. ಸುಳ್ಳೇಕೆ ಹೇಳಲಿ, ತೆಗೆದುಕೊಂಡುಬಿಡಲಿ ಎಂದೇ ನನ್ನ ಮನಸ್ಸಿನಲ್ಲಿತ್ತು. ಇನ್ನೆಷ್ಟು ಚಳಿಗಾಲ ಆ ಕಾಲು ತಡೆದೀತು?

ಚಾಪೋಲ್ ಬಟ್ಟೆಯನ್ನು ಮುಟ್ಟಲಿಲ್ಲ. “ಆ ಸೆರೆಯಾಳನ್ನ ಕೆಡವಿದ್ದು ಯಾರು ಅಂತಲೂ ಹೇಳ್ತೀರಾ, ಬುದ್ಧೀ?”

ಸಿಪಾಕನ ತುಟಿಯ ಆಭರಣ ಅಲುಗಾಡಿತು. “ಅದು ಬೇರೆ ವಿಷಯ.”

“ಹಂಗಾದ್ರೆ ನಾನು ಕಲ್ಲಿನ ಮೇಲೇ ಬಿದ್ದಿದ್ದು. ಚಾವಡೀಲಿ ಹೇಳಿದ ಮಾತು ಬದಲಾಯಿಸ್ಬೇಡಿ, ನಿಮ್ಮಂಥೋರಿಗೆ ಚೆನ್ನಾಗಿರಲ್ಲ.”

ಸಿಪಾಕ್ ಗಂಟನ್ನು ಅಲ್ಲೇ ಬಿಟ್ಟು ತಿರುಗಿದ. ಶೋಕೊ ಬಿಟ್ಟಾಳೆಯೇ? ಎದ್ದು ಬಾಗಿಲಿಗೆ ಅಡ್ಡ ನಿಂತಳು.

“ಇದನ್ನ ತಗೊಂಡ್ಹೋಗಿ, ಬುದ್ಧೀ. ಅಪ್ಪಣೆ ಇಲ್ದೆ ಹತ್ತಿ ಬಟ್ಟೆ ನಮ್ಮನೇಲಿ ಸಿಕ್ಕಿದ್ರೆ ಮನೆ ಕೆಡವ್ತಾರೆ. ನಿಮ್ ಕಟ್ಟಳೆ ನಮಗೂ ಬಾಯಿಪಾಠ ಆಗಿದೆ.”

ಬೇರೆ ದಾರಿಯಿರಲಿಲ್ಲ. ಗುಟ್ಟಾಗಿರಲೆಂದು ಆಳನ್ನು ಬಿಟ್ಟು ಬಂದಿದ್ದನಲ್ಲ, ಹೊರುವವರು ಯಾರು? ಹೇಗೆ ಹೇಗೋ ಕಟ್ಟಿದ ಗಂಟು ಕಂಕುಳಲ್ಲಿ ನಿಲ್ಲಲೇ ಇಲ್ಲ. ನಾಲ್ಕು ಹೆಜ್ಜೆಗೊಮ್ಮೆ ಜಾರಿತು, ಕೊನೆಗೆ ಅದನ್ನು ಬೆನ್ನಿಗೇ ಹಾಕಿಕೊಂಡ. ನಾನೂ ಕಡುಬಿನ ಬುಟ್ಟಿ ಎತ್ತಿಕೊಂಡು ಹಿಂದೆಯೇ ಹೊರಟೆ, ಇಂಥದ್ದನ್ನು ಬಿಡುವುದುಂಟೇ! ಅವನ ಮನೆಗೆ ಪೇಟೆ ದಾಟಿಯೇ ಹೋಗಬೇಕು. ಬಾಗಿಲಲ್ಲಿ ಮೂವತ್ತು ಹೊರೆಯಾಳುಗಳು ಕೂತಿದ್ದರು. ಪಟ್ಟೆ ಹೊದಿಕೆಯ ನಾಯಕ ಬೆನ್ನು ಬಗ್ಗಿಸಿ ಬರುವುದನ್ನು ನೋಡಿ, ಒಬ್ಬೊಬ್ಬರಾಗಿ ಎದ್ದು, ತಮ್ಮವನೊಬ್ಬನಿಗೆ ದಾರಿ ಬಿಡುವಂತೆಯೇ ಎರಡೂ ಬದಿಗೆ ಸರಿದರು. ಅವರಲ್ಲಿ ಎಲ್ಲರಿಗಿಂತ ಹಿರಿಯವನು ಗಂಟಲು ಸರಿಮಾಡಿಕೊಂಡು, ಅವರ ಕಸುಬಿನ ಕೂಗನ್ನು ಇಡೀ ಪೇಟೆಗೆ ಕೇಳುವಂತೆ ಕೂಗಿದ.

“ದಾರಿ ಬಿಡ್ರಪ್ಪೋ, ದಾರಿ! ಹೊರೆ ಬರ್ತಾ ಇದೆ!”