ಖಾಲಿ ಹೊಟ್ಟೆಯ ಅಕ್ಷರಗಳು

ಒಳಗೆ ಬಣ್ಣ ತುಂಬದ ಅಕ್ಷರ ಕಂಡರೆ ನನಗೆ ನಂಬಿಕೆ ಬರುವುದಿಲ್ಲ. ರಂಗೋಲಿಯ ಗೆರೆ ಎಳೆದು ಬಣ್ಣ ತುಂಬದೆ ಎದ್ದು ಹೋದವಳ ಮನೆಯಲ್ಲಿ ಏನೋ ನಡೆದಿದೆ ಎಂದೇ ತಿಳಿಯುವವಳು ನಾನು. ಹಾಗಿರುವಾಗ, ಇಳಕಲ್ಲಿನ ನಮ್ಮ ಸೀರೆ ಅಂಗಡಿಯ ಎದುರಿಗೇ ಇನ್ನೊಂದು ಸೀರೆ ಅಂಗಡಿ ಅಂಥ ಬೋರ್ಡು ಹಾಕಿಕೊಂಡು ಬಂದಾಗ ನನಗೆ ಹೇಗಾಗಿರಬೇಡ? ಅಕ್ಷರಕ್ಕೆಲ್ಲ ಅಂಚಿನ ಗೆರೆ ಮಾತ್ರ, ಒಳಗೆ ಖಾಲಿ. ತುದಿತುದಿಗೆ ಸಣ್ಣ ಪಾದ, ಕೊಂಬಿಗೊಂದು ಬಳ್ಳಿಯ ಸುರುಳಿ. ಸುಣ್ಣದ ವಾಸನೆ ಇನ್ನೂ ಹೋಗದ ಅಂಗಡಿ, ನೋಡಿದರೆ ಅಜ್ಜನ ಕಾಲದ್ದು! ಬಾದಾಮಿಯ ಗವಿಯಲ್ಲಿ ಶಾಸನ ಕೊರೆದವನು ಹಳೆಯದಾಗಿ ಕಾಣಲಿ ಎಂದು ಕೊರೆಯಲಿಲ್ಲ. ಅವನ ಕಾಲಕ್ಕೆ ಅದು ಹೊಸದೇ.

ನಿಜವಾಗಿ ಹಳೆಯದು ನಮ್ಮದು, ಮಾವನವರ ಅಪ್ಪ ಇಟ್ಟದ್ದು. ಗುಡೂರು, ಶಿರೂರಿನ ಮನೆಗಳಲ್ಲಿ ಮದುವೆ ಜವಳಿಗೆ 'ಹಳೇ ಅಂಗಡಿ' ಎಂದೇ ಹೇಳಿ ಕಳಿಸುತ್ತಾರೆ. ಅಂಗಡಿಯ ಹೆಸರು ಯಾರಿಗೂ ನೆನಪಿಲ್ಲ. ಆ ಒಂದು ಮಾತಿನ ಮೇಲೆ ನಮ್ಮ ವ್ಯಾಪಾರ ನಿಂತಿದೆ. ಎದುರಿನವನು ಅದನ್ನೇ ಗೆರೆ ಎಳೆದು ಕದಿಯುತ್ತಿದ್ದಾನೆಂದು ನನ್ನ ಗುಮಾನಿ.

ನಮ್ಮ ಮನೆಯವರಿಗೆ ಹೇಳಿದೆ. "ಅದು ಫಾಂಟ್ ಐತಿ. ಕಂಪ್ಯೂಟರ್‌ನ್ಯಾಗ ಸಿಗ್ತಾವ. ನಾವೂ ಹಾಕಸೋಣು ತಗೊ" ಎಂದರು. ಅದೇ ನಮೂನೆಯ ಅಕ್ಷರವನ್ನು ಕಾಗದದ ಮೇಲೆ ತೆಗೆಸಿ, ಕೆಂಪು ಗ್ರಾನೈಟಿನಲ್ಲಿ ಕೆತ್ತಲು ಕೊಟ್ಟು ಬಂದರು. ನಮ್ಮೂರಿನ ಕಲ್ಲಿನವರಿಗೆ ಗೆರೆ ಎಂದರೆ ಗುರುತು: ಅದರ ಒಳಗಿನದನ್ನು ಕೊರೆದು ಚಿನ್ನದ ಬಣ್ಣ ತುಂಬಬೇಕು. ತುಂಬಿಯೇ ತಂದರು. ಗೆರೆ ಹೋಗಿ, ಬಳ್ಳಿ ಮುಚ್ಚಿ, ಹಬ್ಬದೂಟ ಮುಗಿಸಿದ ಅಳಿಯಂದಿರ ಹಾಗೆ ಅಕ್ಷರಗಳು ದುಂಡಗೆ ಹೊಳೆದವು. ಮನೆಯವರು ಮುಖ ಸಣ್ಣದು ಮಾಡಿಕೊಂಡರು. ನನಗೆ ಸಮಾಧಾನವೇ ಆಯಿತು.

ಆ ಸಮಾಧಾನ ಹೋದ ವಾರದವರೆಗೆ ಬಾಳಿತು. ಗುಡೂರಿನ ಹಳೆಯ ಗಿರಾಕಿಯೊಬ್ಬಳು, ಜವಳಿಗೆ ಮಗಳನ್ನು ಕಳಿಸುತ್ತೇನೆಂದು ಫೋನ್ ಮಾಡಿದ್ದಳು. ಮಗಳು ನಾಲ್ಕು ಹೆಂಗಸರೊಂದಿಗೆ ಬಂದಳು, ನಮ್ಮ ಹೊಳೆಯುವ ಕಲ್ಲನ್ನು ನೋಡಿದಳು, ತಿರುಗಿ ಎದುರಿನ ಮೆಟ್ಟಿಲು ಹತ್ತಿದಳು. ಒಬ್ಬರ ಮೆಟ್ಟಿಲು ಹತ್ತಿದ ಗಿರಾಕಿಯನ್ನು ಕೂಗಿ ಕರೆಯುವ ಪದ್ಧತಿ ನಮ್ಮ ಓಣಿಯಲ್ಲಿಲ್ಲ. ಬಾಗಿಲಲ್ಲಿ ನಿಂತು ನೋಡಿದೆ, ಅಷ್ಟೇ. ಒಂದು ಮದುವೆಯ ಜವಳಿ ಹೋಯಿತು. ನಾಳೆ ಆ ಊರೇ ಹೋಗುತ್ತದೆ.

ಸ್ವಲ್ಪ ಹೊತ್ತಿಗೆ ಎದುರಿನವನೇ ಅವರನ್ನು ಕರೆದುಕೊಂಡು ರಸ್ತೆ ದಾಟಿ ಬಂದ.

"ಅಕ್ಕಾರ, ಇವರು ಹಳೇ ಅಂಗಡಿ ಕೇಳಾಕತ್ತಾರ್ರಿ. ನಂದು ಬೋರ್ಡ್ ಅಷ್ಟ ಹಳೇದು."

ಹುಡುಗಿ ನಾಚಿಕೊಂಡು, "ಇದು ಹೊಸಾ ಬ್ಯಾಂಕ್ ಅಂದ್ಕೊಂಡಿದ್ವಿರಿ" ಎಂದಳು.

ಅವನಿಗೆ ಚಹಾ ಕೊಟ್ಟೆ. ಅವನು ಹೋದ ಮೇಲೆ ಅವನ ಬೋರ್ಡಿನ ಅಕ್ಷರಗಳನ್ನು ಮತ್ತೆ ನೋಡಿದೆ. ಇಷ್ಟು ದಿನ ಅವುಗಳ ಖಾಲಿ ಹೊಟ್ಟೆಯೊಳಗೆ ಬಣ್ಣ ತುಂಬುತ್ತಿದ್ದವಳು ನಾನೇ. ಬಳ್ಳಿಯ ಸುರುಳಿ ಚೆಂದವೇ ಇದೆ. ಆದರೂ, ಮೆಟ್ಟಿಲು ಹತ್ತಿದ ಗಿರಾಕಿಯನ್ನು ಇಳಿಸಿಕೊಂಡು ಬರುವಷ್ಟು ಒಳ್ಳೆಯವನಾಗಲು ಅವನಿಗೇನು ಕಾರಣವಿತ್ತು ಎಂದು ಮಾತ್ರ, ಬಾಗಿಲಲ್ಲಿ ಕೂತು ಇನ್ನೂ ವಿಚಾರ ಮಾಡುತ್ತಿದ್ದೇನೆ.