ನೇಮಣ್ಣ ಹೊಡೆದು ನೋಡುತ್ತಿದ್ದ

ನೇಮಣ್ಣ ನನ್ನ ಕೆನ್ನೆಗೆ ಹೊಡೆದದ್ದು ಎರಡು ಸಲವೋ ಮೂರು ಸಲವೋ, ಈಗ ಖಚಿತವಾಗಿ ಹೇಳಲಾರೆ. ಮೈಕುಗಳು ಮೂರಿದ್ದವು, ಆದ್ದರಿಂದ ಏಟುಗಳೂ ಮೂರಿರಬೇಕು ಎಂದು ತರ್ಕ ಹೇಳುತ್ತದೆ. ಎರಡನೆಯ ಏಟಿಗೇ ನನ್ನ ಮೂಗಿನಿಂದ ರಕ್ತ ಬಂದು, ಅಂಗಡಿಯವನು ಕಟ್ಟೆ ಹಾರಿ ನಮ್ಮ ನಡುವೆ ನಿಂತ ಎಂದು ನೆನಪು ಹೇಳುತ್ತದೆ. ನಾನು ಧಾರವಾಡದಲ್ಲಿ ಇತಿಹಾಸ ಓದಿದವನು. ಕಣ್ಣಾರೆ ಕಂಡವನ ಮಾತನ್ನೇ ಮೊದಲು ಅನುಮಾನಿಸಬೇಕು ಎಂದು ಅಲ್ಲಿ ಕಲಿಸಿದ್ದರು. ನೇಮಣ್ಣನ ವಿಷಯದಲ್ಲಿ ಕಣ್ಣಾರೆ ಕಂಡವನು ನಾನೇ ಆಗಿರುವುದರಿಂದ ಓದುವವರು ಎಚ್ಚರದಿಂದಿರುವುದು ಒಳ್ಳೆಯದು.

ಅಂಗಡಿ ಇದ್ದದ್ದು ಮಿರಜಿನಲ್ಲಿ. ಅದು ಎಂಬತ್ತರ ದಶಕದ ಕೊನೆ. ಮೈಕಿನ ಪೆಟ್ಟಿಗೆಯ ಮೇಲಿನ ಇಂಗ್ಲಿಷ್ ಓದಿ ಹೇಳಲೆಂದು ಅವನು ನನ್ನನ್ನು ಏಕಸಂಬಿಯಿಂದ ಕರೆದುಕೊಂಡು ಹೋಗಿದ್ದ. ನಾನು ಓದಿದೆ. ಅವನು ಕೇಳಿಸಿಕೊಳ್ಳಲಿಲ್ಲ. ಕಿವಿಗೆ ಹೆಡ್‌ಫೋನ್ ಏರಿಸಿಕೊಂಡು, ಮೊದಲ ಮೈಕಿನ ಮುಂದೆ ನಾಲ್ಕು ಗೇಣು ದೂರ ನನ್ನನ್ನು ನಿಲ್ಲಿಸಿ, ಬಾರಿಸಿದ.

"ಅಳಬ್ಯಾಡ ಲೇ, ಹಸಿ ಆದರ ಸದ್ದ ಕೆಡತೈತಿ. ನಿನ್ನ ಕೆನ್ನಿ ಛಲೋ ಐತಿ, ಒಣಾ ಸದ್ದ ಬರತೈತಿ."

ನಾನು ಆಗ ಎಂ.ಎ. ಮುಗಿಸಿದ ಇಪ್ಪತ್ಮೂರರ ಗಂಡಸು. ವಾಪಸು ಬರುವಾಗ ಬಸ್ಸಿನಲ್ಲಿ ಮುಖವನ್ನು ಕಿಟಕಿಗೆ ತಿರುಗಿಸಿ ಕೂತೆ. ಕಾಗವಾಡ ದಾಟಿದ ಮೇಲೆ ಅವನೇ ನನ್ನ ತೊಡೆಯ ಮೇಲೆ ಶೇಂಗಾದ ಪೊಟ್ಟಣ ಇಟ್ಟು ತನ್ನ ಸಿದ್ಧಾಂತ ತಿಳಿಸಿದ. "ಮನಷ್ಯಾ ಸುಳ್ಳ ಹಾಡತಾನ. ಪೇಟಿ ಸುಳ್ಳ ನುಡೀತೈತಿ. ಹೊಡತದ ಸದ್ದ ಅಷ್ಟ ಖರೆ."

ಅವನದು ಕಬ್ಬು ಬೆಳೆಯುವ ಜೈನರ ಮನೆ. ಸೂರ್ಯ ಮುಳುಗಿದ ಮೇಲೆ ಅನ್ನ ಮುಟ್ಟುತ್ತಿರಲಿಲ್ಲ, ಸೋಸದ ನೀರು ಕುಡಿಯುತ್ತಿರಲಿಲ್ಲ. ಇರುವೆಯ ಸಾಲು ಕಂಡರೆ ದಾಟದೆ ಸುತ್ತು ಹಾಕಿ ಬರುತ್ತಿದ್ದ. ಪ್ರಾಯದಲ್ಲಿ ಕುಸ್ತಿ ಆಡಿ ಮೊಣಕಾಲು ಮುರಿದುಕೊಂಡ ಮೇಲೆ ಹೊಲವನ್ನು ಅಣ್ಣತಮ್ಮಂದಿರಿಗೆ ಬಿಟ್ಟು, ಹಿತ್ತಿಲ ಕೋಣೆಯಲ್ಲಿ ಕ್ಯಾಸೆಟ್ಟಿನ ಸ್ಟುಡಿಯೋ ಹಾಕಿದ್ದ. ಭಜನೆ, ಡೊಳ್ಳಿನ ಪದ, ಗೀಗಿ ಪದ, ಮರಾಠಿ ಅಭಂಗ, ಯಾರು ಬಂದರೂ ರೆಕಾರ್ಡ್ ಮಾಡುತ್ತಿದ್ದ. ಹಾರ್ಮೋನಿಯಂ ಪೇಟಿ ನುಡಿಸಲು ಬಂದ ಮಾಸ್ತರನೊಬ್ಬ ಕೇಳದೆ ಮಿಕ್ಸರಿನ ಗುಂಡಿ ತಿರುಗಿಸಿದಾಗ ನೇಮಣ್ಣ ಅವನನ್ನು ಸೊಂಟಕ್ಕೆ ಎತ್ತಿ, ಅಂಗಳ ದಾಟಿ, ದನದ ಗೋದಲಿಗೆ ಒಗೆದದ್ದನ್ನು ನಾನು ನೋಡಿದ್ದೇನೆ. ಮಾಸ್ತರನ ಹುಬ್ಬು ಸೀಳಿತು. ನೇಮಣ್ಣನೇ ಅರಿಶಿಣ ಒತ್ತಿ, ಚಹಾ ಕುಡಿಸಿ, ರಕ್ತ ನಿಂತ ಮೇಲೆ ಅದೇ ಅಭಂಗವನ್ನು ಪೂರ್ತಿ ನುಡಿಸಿಕೊಂಡ. ಏಟು ತಿಂದ ಮೇಲೆ ಮಾಸ್ತರನ ತಾಳ ಸುಧಾರಿಸಿತು ಎಂದು ಎಲ್ಲರಿಗೂ ಹೇಳುತ್ತಿದ್ದ. ಆ ಕ್ಯಾಸೆಟ್ಟು ಕೇಳಿದರೆ, ಅದು ನಿಜವೇ ಇತ್ತು.

ಆ ಕೋಣೆಯ ಗೋಡೆಗಳಿಗೆ ನೆಲದಿಂದ ಜಂತಿಯವರೆಗೆ ನಿಪ್ಪಾಣಿಯ ತಂಬಾಕಿನ ಚೀಲಗಳನ್ನು ಮಡಿಸಿ ಹೊಡೆದಿದ್ದ. ಒಳಗೆ ಕೊಂದರೂ ಹೊರಗೆ ಕೇಳುತ್ತಿರಲಿಲ್ಲ. ಆದರೆ ಚೀಲ ಎಷ್ಟು ಜಾಡಿಸಿದರೂ ತಂಬಾಕಿನ ಹುಡಿ ಹೋಗಿರಲಿಲ್ಲ. ನೇಮಣ್ಣನ ಕ್ಯಾಸೆಟ್ಟು ಎಂದು ಗುರುತು ಹಿಡಿಯಲು ಹೆಸರು ಓದಬೇಕಾಗಿರಲಿಲ್ಲ, ಯಾವುದಾದರೂ ಪದದ ನಡುವೆ ಯಾರಾದರೂ ಸೀನಿರುತ್ತಿದ್ದರು.

ಇನ್ನೊಂದು ಗುರುತು ಅವನಿಗೂ ನನಗೂ ಮಾತ್ರ ಗೊತ್ತಿತ್ತು. ರೆಕಾರ್ಡಿಂಗ್ ಶುರು ಮಾಡುವ ಮೊದಲು ನೇಮಣ್ಣ ಧೋತರ ಸರಿಸಿ, ಬರಿದೊಡೆಗೆ ಅಂಗೈಯಿಂದ ಒಂದೇ ಒಂದು ಏಟು ಹಾಕುತ್ತಿದ್ದ. ಅಖಾಡಕ್ಕೆ ಇಳಿದ ಪೈಲವಾನ ಎದುರಾಳಿಗೆ ಹೊಡೆಯುವ ಸೆಡ್ಡು ಅದು. ಮಿರಜಿನ ಅಂಗಡಿಯವನು ಗದ್ದಲ ಮಾಡಿದ ಮೇಲೆ ನನ್ನ ಕೆನ್ನೆಯನ್ನು ಬಿಟ್ಟು ತನ್ನ ತೊಡೆಗೆ ಬಂದಿದ್ದ. ಮೀಟರಿನ ಮುಳ್ಳು ಎಲ್ಲಿಗೆ ಏರಿ ಎಲ್ಲಿಗೆ ಇಳಿಯುತ್ತದೆ ಎಂದು ನೋಡಿ ಗುಂಡಿ ಸರಿಮಾಡುತ್ತಿದ್ದ. ಮಾರುವ ಕ್ಯಾಸೆಟ್ಟಿನಲ್ಲಿ ಆ ಏಟನ್ನು ಕತ್ತರಿಸುತ್ತಿದ್ದ. ಮೂಲದಲ್ಲಿ ಮಾತ್ರ ಉಳಿಸುತ್ತಿದ್ದ. ಸೆಡ್ಡು ಹೊಡೆಯದೆ ಅವನು ಏನನ್ನೂ ರೆಕಾರ್ಡ್ ಮಾಡಿದ್ದು ನನಗೆ ತಿಳಿಯದು.

ತೊಂಬತ್ತೆಂಟರಲ್ಲೋ ತೊಂಬತ್ತೊಂಬತ್ತರಲ್ಲೋ ಅವನಿಗೆ ಕಂಪ್ಯೂಟರಿನ ಹುಚ್ಚು ಹಿಡಿಯಿತು. ಟೇಪು ಸವೆಯುತ್ತದೆ, ಕಂಪ್ಯೂಟರಿನಲ್ಲಿ ದನಿ ಸವೆಯುವುದಿಲ್ಲ ಎಂದು ಕೊಲ್ಲಾಪುರದಲ್ಲಿ ಯಾರೋ ಹೇಳಿದ್ದರು. ಆಗ ನಾನು ಚಿಕ್ಕೋಡಿಯಲ್ಲಿ ಪಾಠ ಹೇಳುತ್ತಿದ್ದೆ. ಪತ್ರಿಕೆಗಳನ್ನು ತಿರುವಿ ಒಂದು ಪಟ್ಟಿ ಬರೆದೆ: ಪ್ರೊಸೆಸರ್ ಇಂಥದ್ದು, ಮೆಮೊರಿ ಇಷ್ಟು, ಸೌಂಡ್ ಕಾರ್ಡ್ ಅಗ್ಗದ್ದು ಬೇಡ, ಮಾನಿಟರ್ ಚಿಕ್ಕದಾದರೆ ಸಾಕು. ಪುಣೆಯ ಅಂಗಡಿಯಲ್ಲಿ ನೇಮಣ್ಣ ಪಟ್ಟಿಯನ್ನು ಕಿಸೆಗೆ ಹಾಕಿಕೊಂಡು, ಕಂಪ್ಯೂಟರುಗಳಲ್ಲಿ ಹಾಡು ಹಾಕಿಸಿ, ಡಬ್ಬಿಗಳ ನೆತ್ತಿಗೆ ಒಂದೊಂದಾಗಿ ಗುದ್ದಿದ. ಮೂರನೆಯದು ಗುದ್ದಿದರೂ ಹಾಡು ನಿಲ್ಲಿಸಲಿಲ್ಲ. ಅದನ್ನೇ ಆರಿಸಿದ. ಅಷ್ಟರಲ್ಲಿ ಅಂಗಡಿಯ ಇಬ್ಬರು ಆಳುಗಳು ಅವನ ಕುತ್ತಿಗೆಗೆ ಕೈ ಹಾಕಿದರು. ಅವನು ಇಬ್ಬರನ್ನೂ ಒಂದೇ ಕೈಯಲ್ಲಿ ಹಿಡಿದ, ಒಬ್ಬನ ಬೆರಳು ಮುರಿಯಿತು. ಮಾಲೀಕ ಪೊಲೀಸರನ್ನು ಕರೆಯುತ್ತೇನೆ ಎಂದಾಗ ನೇಮಣ್ಣ ಶಾಂತವಾಗಿ ಮರಾಠಿಯಲ್ಲಿ, ಇದನ್ನು ಕಟ್ಟಿಕೊಡಿ, ಜೊತೆಗೆ ಎಲ್ಲಕ್ಕಿಂತ ದೊಡ್ಡ ಮಾನಿಟರ್ ಕೊಡಿ ಎಂದ. ಗಲಾಟೆಯ ನಡುವೆ ಅವನು ಇನ್ನೊಂದನ್ನೂ ಕೇಳಿದಂತೆ ನೆನಪು: ಕರೆಂಟು ಹೋದರೆ ಹಾಡು ಎಲ್ಲಿ ಉಳಿಯುತ್ತದೆ? ಮಾಲೀಕ ಯಾವುದನ್ನು ತೋರಿಸಿದನೋ ನಾನು ನೋಡಲಿಲ್ಲ. ಬೆರಳು ಮುರಿದವನು ಅಳುತ್ತಿದ್ದ, ನಾನು ಅವನನ್ನು ನೋಡುತ್ತಿದ್ದೆ.

ಮನೆಗೆ ತಂದ ಮೇಲೆ ಡಬ್ಬಿಯ ಫ್ಯಾನಿನ ಗುಂಯ್ ಎಂಬ ಸದ್ದು ಮೈಕಿಗೆ ಬೀಳತೊಡಗಿತು. ನೇಮಣ್ಣ ಗೋಡೆಗೆ ತೂತು ಕೊರೆದು, ಡಬ್ಬಿಯನ್ನು ಪಕ್ಕದ ಕೋಣೆಯ ಹಳೆಯ ಜೋಳದ ಸಂದೂಕಿನಲ್ಲಿಟ್ಟು ಮೇಲೆ ಕೌದಿ ಹೊದಿಸಿದ. ವೈರು ಮಾತ್ರ ಒಳಗೆ ಬಂತು. ಸ್ಟುಡಿಯೋದಲ್ಲಿ ಉಳಿದದ್ದು ದೊಡ್ಡ ಮಾನಿಟರ್, ಕೀಲಿಮಣೆ ಮತ್ತು ಮೈಕು. ಬಂದವರಿಗೆಲ್ಲ ಮಾನಿಟರ್ ತೋರಿಸಿ "ಇದ ಕಂಪ್ಯೂಟರ" ಎನ್ನುತ್ತಿದ್ದ. ಸಂದೂಕಿನ ಡಬ್ಬಿ ಏನು ಎಂದು ಕೇಳಿದರೆ, "ಅದ ಗಿರಣಿ. ಗಿರಣಿ ಹೊರಗ, ಹಿಟ್ಟ ಒಳಗ." ದನಿ ಮಾನಿಟರಿನಲ್ಲಿ ಇರುವುದಿಲ್ಲ ಎಂದು ನಾನು ಒಮ್ಮೆ ತಿದ್ದಿದೆ. ಅವನು ನಕ್ಕ. ತಿಳಿಯಲಿಲ್ಲ ಎಂದುಕೊಂಡು ಬಿಟ್ಟೆ. ಇಂಗ್ಲಿಷ್ ಬಾರದ್ದರಿಂದ ಕೀಲಿಗಳನ್ನು ಬೆರಳಿನ ಎಣಿಕೆಯಲ್ಲೇ ಕಲಿತಿದ್ದ. ನಿಲ್ಲಿಸಲು ಉದ್ದನೆಯದು, ಉಳಿಸಲು ಮೂಲೆಯದರ ಜೊತೆ ಮತ್ತೊಂದು.

ಆ ವರ್ಷ ಕಬ್ಬು ಕಡಿಯುವ ಕಾಲದಲ್ಲಿ ತಂಗೆವ್ವ ಎಂಬ ಮುದುಕಿ ರಾಯಬಾಗದ ಕಡೆಯಿಂದ ಬಂದಳು. ಕೂಲಿ ಕೇಳಿದ ಅವಳ ಮಗ ಪರಸುವನ್ನು ಹೊಲದ ಮಾಲೀಕನ ಕಡೆಯವರು ಕಬ್ಬಿನ ಹೊಲದಲ್ಲೇ ಬಡಿದು ಕೊಂದಿದ್ದರು. ಟ್ರ್ಯಾಕ್ಟರಿನ ಗಾಲಿಗೆ ಸಿಕ್ಕು ಸತ್ತ ಎಂದು ಕಾಗದವಾಗಿತ್ತು. ನಮ್ಮ ಕಡೆ ಸತ್ತವರ ಮುಂದೆ ಹೆಂಗಸರು ಹಾಡ್ಯಾಡಿ ಅಳುತ್ತಾರೆ. ಸತ್ತವನ ಗುಣ, ಸತ್ತ ಬಗೆ, ಸಾವಿಗೆ ಕಾರಣವಾದವರ ಹೆಸರು, ಎಲ್ಲವೂ ಆ ಹಾಡಿನಲ್ಲಿ ಬರುತ್ತದೆ. ಹಾಡ್ಯಾಡಿ ಅಳುವವಳ ಬಾಯಿಯನ್ನು ಯಾರೂ ಮುಚ್ಚುವಂತಿಲ್ಲ. ತಂಗೆವ್ವನ ಬಾಯಿಯನ್ನು ಹೆಣದ ಮುಂದೆಯೇ ಮುಚ್ಚಿದ್ದರು, ಸೀರೆಯ ಸೆರಗು ತುರುಕಿ. ಅದಕ್ಕೇ ಅವಳು ಬಂದದ್ದು.

"ನನ್ನ ಮಗನ ಮುಂದ ಅಳಾಕ ಬಿಡಲಿಲ್ಲೋ ಯಪ್ಪಾ. ನಿನ್ನ ಡಬ್ಬಿ ಮುಂದರ ಅಳತೇನಿ. ಊರೂರ ಕೇಳಲಿ."

ನೇಮಣ್ಣ ಸೆಡ್ಡು ಹೊಡೆದ. ಅವಳು ಗಂಟೆಗೂ ಮಿಕ್ಕಿ ಅತ್ತಳು. ಮೂವರ ಹೆಸರನ್ನು ಅಪ್ಪಂದಿರ ಹೆಸರಿನ ಸಮೇತ ಹೇಳಿದಳು. ಯಾರ ಕೈಯಲ್ಲಿ ಬಡಿಗೆ, ಯಾರ ಕೈಯಲ್ಲಿ ಕಬ್ಬು ಕಡಿಯುವ ಕೊಯ್ತಾ, ಮೊದಲು ಮುರಿದದ್ದು ಯಾವ ತೋಳು, ಮಗ ನೀರು ಕೇಳಿದಾಗ ಅವನ ಬಾಯಿಗೆ ಏನು ಹಾಕಿದರು ಎಂಬುದನ್ನೂ ರಾಗ ತಪ್ಪದೆ ಹೇಳಿದಳು. ಸೀನು ಬಂದಾಗ ಸೀನಿ, ಮತ್ತೆ ಅಲ್ಲಿಂದಲೇ ಎತ್ತಿಕೊಂಡಳು. ಕ್ಯಾಸೆಟ್ಟು ಆಗುವ ಮೊದಲೇ ಸುದ್ದಿ ಹೊರಬಿತ್ತು.

ನಾಲ್ಕನೆಯ ದಿನ ಮಧ್ಯಾಹ್ನ ಜೀಪು ಬಂತು. ನಾನು ಕ್ಯಾಸೆಟ್ಟಿನ ಮೇಲಿನ ಚೀಟಿ ಬರೆಯಲು ಹೋಗಿದ್ದೆ. ಓಣಿಯಲ್ಲಿ ಜೀಪು ನಿಂತ ಸದ್ದಿಗೆ ನೇಮಣ್ಣ, ಯಾರು ಬಂದರು ನೋಡು ಎಂದು ನನ್ನನ್ನು ಹೊರಗೆ ಕಳಿಸಿ ಸ್ಟುಡಿಯೋದ ಬಾಗಿಲು ಎಳೆದುಕೊಂಡ. ನಾಲ್ವರಿದ್ದರು, ಅಥವಾ ಐವರು. ಮುಂದಿದ್ದವನು ಬಿಳಿ ಟೋಪಿಯವನು. ನನ್ನನ್ನು ದಬ್ಬಿಕೊಂಡೇ ಒಳಗೆ ಬಂದರು. ನಾನು ಚೀಲಗಳ ಗೋಡೆಗೆ ಬೆನ್ನು ಹಚ್ಚಿ ನಿಂತೆ.

"ಮುದುಕಿ ಅತ್ತದ್ದ ಎಲ್ಲೈತಿ?" ಟೋಪಿಯವನು ಕೇಳಿದ.

ಅವನು ಮಾತಾಡಿದ ಕೂಡಲೇ ಮಾನಿಟರಿನ ಮೇಲೆ ಹಸಿರು ಗೆರೆಯೊಂದು ಜಿಗಿಯಿತು. ಅವನು ಬೆಚ್ಚಿದ. ಇನ್ನೊಬ್ಬ ಬೈದ, ಗೆರೆ ಮತ್ತೆ ಜಿಗಿಯಿತು. "ಇದ್ಯಾಕಲೇ ಕುಣಿಯಾಕತ್ತೈತಿ?" ಎಂದರೆ ಅದಕ್ಕೂ ಕುಣಿಯಿತು. ನೇಮಣ್ಣ ಓಡಿ ಹೋಗಿ ಎರಡೂ ಕೈ ಚಾಚಿ ಮಾನಿಟರಿಗೆ ಅಡ್ಡ ನಿಂತ.

"ನನ್ನ ಹೊಡೀರಿ. ಇದನ್ನ ಮುಟ್ಟಬ್ಯಾಡ್ರಿ. ಎಲ್ಲಾ ಇದರಾಗ ಐತ್ರಿ."

ಹೊಡೆದರು. ಕೊಯ್ತಾದ ಹಿಂಬದಿಯಿಂದ ಮೊಣಕಾಲಿಗೆ, ಹಿಂದೆ ಮುರಿದಿದ್ದ ಅದೇ ಮೊಣಕಾಲಿಗೆ. ಸೈಕಲ್ಲಿನ ಚೈನಿನಿಂದ ಬೆನ್ನಿಗೆ. ಪುಣೆಯಲ್ಲಿ ಇಬ್ಬರನ್ನು ಒಂದೇ ಕೈಯಲ್ಲಿ ಹಿಡಿದವನು ಇಲ್ಲಿ ಕೈ ಎತ್ತಲಿಲ್ಲ, ಮಾನಿಟರನ್ನು ತಬ್ಬಿಕೊಂಡಿದ್ದ. ಒಬ್ಬ ಅವನ ಎಡಗಿವಿಯ ಮೇಲೆ ಹಸ್ತ ಚಾಚಿ ಬೀಸಿ ಹೊಡೆದ. ಎರಡು ಹಲ್ಲು ನೆಲದ ಮೇಲೆ ಬಿದ್ದವು. ಬಿಡ್ರಿ, ಸಾಯತಾನ ಎಂದು ನಾನು ಕೂಗಿದ್ದು ನೆನಪಿದೆ. ಕೊನೆಗೆ ಅವನನ್ನು ಎಳೆದು ಒಗೆದು, ಕಲ್ಲಿನ ಗುಂಡು ಎತ್ತಿ ಮಾನಿಟರಿನ ಮೇಲೆ ಹಾಕಿದರು. ಅದು ಬಾಂಬಿನಂತೆ ಸಿಡಿಯಿತು. ಟೋಪಿಯವನ ಮುಖಕ್ಕೆ ಗಾಜು ಬಡಿಯಿತು. ಟೇಪುಗಳನ್ನು ಅಂಗಳದಲ್ಲಿ ಸುಟ್ಟು ಹೋದರು. ಪಕ್ಕದ ಕೋಣೆಯ ಸಂದೂಕನ್ನು ಯಾರೂ ತೆರೆಯಲಿಲ್ಲ.

ಅವರು ಹೋದ ಮೇಲೆ ನೇಮಣ್ಣ ತೆವಳಿ ಬಂದು, ಮಾನಿಟರಿದ್ದ ಜಾಗಕ್ಕೆ ಎದುರಾಗಿ ಕುಳಿತು, ರಕ್ತದ ಬೆರಳಿನಿಂದ ಕೀಲಿಮಣೆ ಒತ್ತತೊಡಗಿದ. ಒಂದು, ಆಮೇಲೆ ಎರಡು ಒಟ್ಟಿಗೆ, ಆಮೇಲೆ ಇನ್ನೂ ಕೆಲವು. ಅವನಿಗೆ ಭ್ರಮೆಯಾಗಿದೆ ಎಂದುಕೊಂಡು ನಾನು ಕೈ ಹಿಡಿದು ಎಬ್ಬಿಸಹೋದೆ. ಅದೊಂದೇ ಸಲ ಆ ದಿನ ಅವನು ಹೊಡೆದದ್ದು, ನನಗೆ, ಮೊಣಕೈಯಿಂದ.

ಚಿಕ್ಕೋಡಿಯ ವೈದ್ಯರು ಎಡಗಿವಿಯ ತಮಟೆ ಹರಿದಿದೆ, ಇನ್ನು ಕೇಳುವುದಿಲ್ಲ ಎಂದರು. ಊರಿನವರಿಗೆ ಮರುಕಕ್ಕಿಂತ ನಗು ಹೆಚ್ಚು ಬಂತು. ಖಾಲಿ ಟಿವಿ ಉಳಿಸಲು ಕಿವಿ ಕಳೆದುಕೊಂಡ ಪೈಲವಾನ! ನಾನೂ ಕಾಲೇಜಿನಲ್ಲಿ ಇದನ್ನು ಹೇಳುತ್ತಿದ್ದೆ. ಗಿರಣಿ ಹೊರಗೆ, ಹಿಟ್ಟು ಒಳಗೆ ಎಂಬಲ್ಲಿಗೆ ಬಂದಾಗ ಸಹೋದ್ಯೋಗಿಗಳು ಮೇಜು ಬಡಿದು ನಗುತ್ತಿದ್ದರು. ಹಲವು ವರ್ಷ ಹೇಳಿದೆ.

ಹದಿನೈದು ದಿನಕ್ಕೆ ನೇಮಣ್ಣ ಬೇರೆ ಮಾನಿಟರ್ ತಂದ. ಅದಾದ ಮೇಲೆ ಒಂದು ಕ್ಯಾಸೆಟ್ಟನ್ನು ಕಿಸೆಯಲ್ಲಿಟ್ಟುಕೊಂಡು, ಟೇಪ್‌ರೆಕಾರ್ಡರ್ ಕಂಕುಳಲ್ಲಿ ಹಿಡಿದು, ಕುಂಟುತ್ತ ಒಬ್ಬನೇ ಬಸ್ಸು ಹತ್ತಿ ಟೋಪಿಯವನ ಊರಿಗೆ ಹೋಗಿ ಬಂದ. ಕ್ಷಮೆ ಕೇಳಲು ಹೋಗಿದ್ದಾನೆ ಎಂದು ಊರು ಹೇಳಿತು. ಆ ಕ್ಯಾಸೆಟ್ಟಿನಲ್ಲಿ ಏನಿತ್ತು ಎಂದು ನಾನು ಕೇಳಲಿಲ್ಲ, ಭಜನೆ ಇರಬೇಕು ಎಂದುಕೊಂಡೆ. ಮುಂದಿನ ತಿಂಗಳು ತಂಗೆವ್ವನ ಅಳು ಅಥಣಿಯಿಂದ ನಿಪ್ಪಾಣಿಯವರೆಗೆ ಚಹಾದ ಅಂಗಡಿಗಳಲ್ಲಿ, ಟೆಂಪೋಗಳಲ್ಲಿ ಕೇಳತೊಡಗಿತು. ಮೂವರ ಹೆಸರು, ಅವರ ಅಪ್ಪಂದಿರ ಹೆಸರು. ಜೀಪು ಮತ್ತೆ ಬರಲಿಲ್ಲ. ಏಕೆ ಬರಲಿಲ್ಲ ಎಂದು ಇತಿಹಾಸ ಓದಿದ ನನಗೆ ಹೊಳೆಯಲಿಲ್ಲ.

ಕೊನೆಯ ಸಲ ನೋಡಲು ಹೋದಾಗ ಅವನು ಮಂಚದ ಮೇಲಿದ್ದ. ಬಲಕ್ಕೆ ಬಂದು ಕೂಡು ಎಂದು ಸನ್ನೆ ಮಾಡಿದ. ಅಂದು ಮಾನಿಟರಿನಲ್ಲೇ ಹಾಡು ಇದೆ ಎಂದು ನಿಜವಾಗಿ ತಿಳಿದಿದ್ದೆಯಾ ಎಂದು ಕೇಳಿದೆ. ಅವನು ನನ್ನ ಕೆನ್ನೆಯನ್ನು ಎರಡು ಬೆರಳಿನಿಂದ ಮೆಲ್ಲಗೆ ತಟ್ಟಿ ನೋಡಿದ.

"ಹಸಿ ಆಗೇತಿ ನಿನ್ನ ಕೆನ್ನಿ. ಮೊದಲಿನ ಸದ್ದ ಇಲ್ಲ."

ಅವನು ಹೋದ ಮೇಲೆ ಅವನ ಹೆಂಡತಿ ಪದ್ಮಕ್ಕ ಸಂದೂಕಿನ ಡಬ್ಬಿಯನ್ನು ನನಗೆ ಕೊಟ್ಟಳು. ನಿಪ್ಪಾಣಿಯಲ್ಲಿ ರಿಪೇರಿ ಮಾಡುವವನೊಬ್ಬ ಅದರ ಡಿಸ್ಕು ಬಿಚ್ಚಿ ಒಳಗಿದ್ದದ್ದನ್ನೆಲ್ಲ ತೆಗೆದುಕೊಟ್ಟ. ತಂಗೆವ್ವನ ಅಳುವಿನ ನಂತರದ ಫೈಲು ಆ ಮಧ್ಯಾಹ್ನದ್ದು. ಟೋಪಿಯವನ ದನಿ ಇದೆ, ಬೇರೆಯವರು ಅವನನ್ನು ಹೆಸರು ಹಿಡಿದು ಕೂಗುವುದಿದೆ, ಚೈನಿನ ಸದ್ದು, ಗಾಜಿನ ಸದ್ದು ಇವೆ. ಎಷ್ಟು ಜನರಿದ್ದರು ಎಂದು ಈಗಲೂ ಎಣಿಸಲಾಗುತ್ತಿಲ್ಲ. ಬಿಡ್ರಿ ಎಂಬ ನನ್ನ ಕೂಗು ಎಲ್ಲಿಯೂ ಇಲ್ಲ. ಚೀಲಗಳ ಕಡೆಯಿಂದ ಒಂದು ಸೀನು ಕೇಳುತ್ತದೆ, ನನ್ನದೇ ಇರಬೇಕು. ಆದರೆ ಒಂದನ್ನು ಮೂರು ಸಲ ಹಿಂದಕ್ಕೆ ತಿರುಗಿಸಿ ಕೇಳಿ ಖಚಿತ ಮಾಡಿಕೊಂಡಿದ್ದೇನೆ. ಆ ಫೈಲಿನ ಮೊದಲ ಸದ್ದು ಬಾಗಿಲಿನದಲ್ಲ, ಬೈಗುಳದ್ದಲ್ಲ. ಬರಿದೊಡೆಯ ಮೇಲೆ ಅಂಗೈ ಬಿದ್ದ ಸೆಡ್ಡು.