ಗೋಲ್‌ಕೀಪರನ ಪ್ಯಾಡಿನ ಹೊಟ್ಟೆಯಲ್ಲಿ ಏನಿದೆ?

ಹೊಸ ಫೋಮಿನ ವಾಸನೆ ನಿಮಗೂ ಗೊತ್ತಿರಬೇಕು. ಹೊಸ ಹಾಸಿಗೆಯ ಪ್ಲಾಸ್ಟಿಕ್ ಹೊದಿಕೆ ಹರಿದಾಗ ಮೂಗಿಗೆ ಬಡಿಯುತ್ತದಲ್ಲ, ಅದೇ. ಮೊನ್ನೆ ಬೆಳಿಗ್ಗೆ ಹುಣಸೂರಿನ ನಮ್ಮ ಮನೆಯ ನಡುಮನೆಯಲ್ಲಿ ಆ ವಾಸನೆ ತುಂಬಿಕೊಂಡಿತ್ತು. ಮಗಳು ಸಹನಾ ಆನ್‌ಲೈನಿನಲ್ಲಿ ತರಿಸಿದ್ದ ದೊಡ್ಡ ಪೆಟ್ಟಿಗೆಯನ್ನು ಒಡೆದು, ಹಾಕಿ ಆಟದ ಗೋಲ್‌ಕೀಪರ್ ತೊಡುವ ಸಾಮಾನನ್ನೆಲ್ಲ ನೆಲದ ಮೇಲೆ ಹರಡಿಕೊಂಡು ಕೂತಿದ್ದಳು. ಹೆಲ್ಮೆಟ್ಟು, ಎದೆಗವಚ, ಕಾಲಿನ ಪ್ಯಾಡು, ಬೂಟಿನ ಮೇಲೆ ಕಟ್ಟಿಕೊಳ್ಳುವ ಕಿಕ್ಕರು, ಎಡಗೈಗೊಂದು ಬಲಗೈಗೊಂದು ಬೇರೆ ಬೇರೆ ಆಕಾರದ ಗ್ಲೌಸು.

ಭಾನುವಾರ ಪಿರಿಯಾಪಟ್ಟಣದಲ್ಲಿ ಪಂದ್ಯ. ಎದುರಿಗೆ ಕೊಡಗಿನ ಕಡೆಯ ಹೆಣ್ಣುಮಕ್ಕಳ ತಂಡ. ಆ ಸೀಮೆಯ ಮಕ್ಕಳು ಹೆಜ್ಜೆ ಇಡುವ ಮೊದಲೇ ಹಾಕಿ ಕೋಲು ಹಿಡಿಯುತ್ತಾರೆ ಅನ್ನುವುದು ನಮ್ಮ ಕಡೆಯ ಮಾತು. ಅಂಥವರು ಹೊಡೆಯುವ ಚೆಂಡಿಗೆ ನನ್ನ ಮಗಳು ಮೈಯೊಡ್ಡಿ ನಿಲ್ಲಬೇಕು. ಕ್ಲಬ್ಬಿನ ಹಳೆಯ ಎದೆಗವಚ ಒಗೆದೊಗೆದು ಬನಿಯನ್ನಿನಷ್ಟು ಮೆತ್ತಗಾಗಿದೆ. ಅದನ್ನು ಹಾಕಿ ಕಳಿಸಲು ನನಗೆ ಮನಸ್ಸಿಲ್ಲ. ಪೆಟ್ಟಿಗೆಯಲ್ಲಿ ಬಂದದ್ದನ್ನು ಹಾಕಿ ಕಳಿಸಲು ಧೈರ್ಯವಿಲ್ಲ.

"ನೀನು ನೋಡಿ ಸರಿ ಅಂದ್ರೆ ಹಾಕ್ಕತೀನಿ ಕಣಪ್ಪ. ನೀನೂ ಕೀಪರ್ ಆಗಿದ್ದೋನು ತಾನೆ?" ಅಂದಳು.

ನಾನು ಒಂದು ಪ್ಯಾಡು ಎತ್ತಿಕೊಂಡು ಮೇಲಿಂದ ಕೆಳಗಿನವರೆಗೆ ಬೆರಳಿನಿಂದ ಅದುಮತೊಡಗಿದೆ.

"ಯಾಕಪ್ಪ ಅಂಗೆ ಇಸುಕ್ತಿದ್ದೀಯ? ಅದೇನು ಬದ್ನೆಕಾಯಾ?"

ನಕ್ಕಳು. ನಾನು ನಗಲಿಲ್ಲ. ಸಾಮಾನು ಮಾರುವ ಆ ಜಾಲತಾಣವನ್ನು ಹಿಂದಿನ ದಿನವೇ ನಾನು ಕದ್ದು ನೋಡಿದ್ದೆ. ಅಲ್ಲೊಬ್ಬಳು ಹುಡುಗಿ ಇದೇ ಕವಚ ತೊಟ್ಟು ಹಲ್ಲು ಕಿರಿದು ನಿಂತಿದ್ದಾಳೆ. ನಿಜವಾಗಿ ಚೆಂಡು ಎದುರಿಸಿದ ಯಾವ ಕೀಪರೂ ಹಾಗೆ ನಗುವುದಿಲ್ಲ. ಕೆಳಗೆ ಕೊಂಡವರ ಅಭಿಪ್ರಾಯಗಳಿದ್ದವು. ಒಬ್ಬ ಪುಣ್ಯಾತ್ಮ ಐದಕ್ಕೆ ಐದು ನಕ್ಷತ್ರ ಕೊಟ್ಟು, 'ತುಂಬಾ ಒಳ್ಳೆಯ ಸಾಮಾನು, ಇನ್ನೂ ಬಳಸಿಲ್ಲ' ಎಂದು ಬರೆದಿದ್ದ. ಇಂಥವರನ್ನು ನಂಬಿ ಮಗಳನ್ನು ಗೋಲಿನ ಮುಂದೆ ನಿಲ್ಲಿಸಬೇಕೇ, ನೀವೇ ಹೇಳಿ.

ಈ ಸಂಶಯ ನನಗೆ ಹುಟ್ಟಿನಿಂದ ಬಂದದ್ದಲ್ಲ. ರಾಜೇಗೌಡರಿಂದ ಹತ್ತಿದ್ದು. ನಾನು ಆಡುತ್ತಿದ್ದ ಕಾಲಕ್ಕೆ ಅವರು ನಮ್ಮ ಕ್ಲಬ್ಬಿನ ಅಧ್ಯಕ್ಷರು. ಬಿಳಿಕೆರೆ ಕಡೆಯವರು, ಹೊಗೆಸೊಪ್ಪು ಬೆಳೆಯುತ್ತಿದ್ದರು. ಹೊಗೆಸೊಪ್ಪಿನ ವ್ಯವಹಾರ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ಬೇಯಿಸಿ ಒಣಗಿಸಿದ ಎಲೆಯನ್ನು ಬೇಲು ಕಟ್ಟಿ ಹರಾಜಿಗೆ ಒಯ್ಯುತ್ತಾರೆ. ಮೇಲೆ ಬಂಗಾರದ ಬಣ್ಣದ ಎಲೆ ಜೋಡಿಸಿ, ನಡುವೆ ಕರಿಕಲು ತುರುಕುವ ಬುದ್ಧಿವಂತರು ಎಲ್ಲ ಊರಲ್ಲೂ ಇರುತ್ತಾರೆ. ಅದಕ್ಕೇ ಕೊಳ್ಳುವವನು ಮೇಲಿನ ಎಲೆಯನ್ನು ನೋಡುವುದಿಲ್ಲ. ಸೀದಾ ಬೇಲಿನ ಹೊಟ್ಟೆಗೆ ಕೈ ಹಾಕಿ ಒಂದು ಹಿಡಿ ಕಿತ್ತು ನೋಡುತ್ತಾನೆ. ಗೌಡರು ಬದುಕಿಡೀ ಆ ಕೈಗಳನ್ನು ನೋಡಿದವರು. ಹಲಸಿನ ಹಣ್ಣಿರಲಿ, ಹೆಣ್ಣು ಕೇಳಿಕೊಂಡು ಬಂದವರ ಮಾತಿರಲಿ, ಒಳಗೆ ಕೈ ಹಾಕಿ ನೋಡದೆ ಒಪ್ಪುತ್ತಿರಲಿಲ್ಲ. "ಪ್ರತ್ಯಕ್ಷ ಕಂಡ್ರೂ ಪ್ರಮಾಣಿಸಿ ನೋಡು ಅಂತ ಇರೀಕ್ರು ಸುಮ್ಕೆ ಅಂದಿಲ್ಲ ಕಣ್ಲಾ" ಅನ್ನುವುದು ಅವರ ಮಂತ್ರವಾಗಿತ್ತು.

ಆಗ ನಾನು ಕ್ರಿಕೆಟ್ ಪ್ಯಾಡು ಕಟ್ಟಿಕೊಂಡು ಗೋಲು ಕಾಯುತ್ತಿದ್ದೆ. ಒಮ್ಮೆ ಮೊಣಕಾಲಿನ ಕೆಳಗೆ ಬಿದ್ದ ಪೆಟ್ಟಿಗೆ ಕಾಲು ಬದನೆಕಾಯಿ ಬಣ್ಣಕ್ಕೆ ತಿರುಗಿ, ನಮ್ಮಮ್ಮ ಹಾಕಿ ಕೋಲನ್ನೇ ಒಲೆಗೆ ಹಾಕಲು ಹೊರಟಿದ್ದಳು. ಕೊನೆಗೆ ಗೌಡರು ನನ್ನನ್ನು ಕರೆದುಕೊಂಡು ಮೈಸೂರಿನ ಒಂದು ಆಟದ ಸಾಮಾನಿನ ಅಂಗಡಿಗೆ ಹೋದರು. ಹೆಲ್ಮೆಟ್ಟನ್ನು ತಾವೇ ಹಾಕಿಕೊಂಡು, ಅಂಗಡಿಯ ನಡುವೆ ನಿಂತು, "ಒಡಿಲಾ ತಲೆ ಮ್ಯಾಕೆ" ಅಂದರು. ಅಧ್ಯಕ್ಷರ ತಲೆಗೆ ಹೊಡೆಯುವ ಅವಕಾಶ ಯಾರಿಗುಂಟು? ಆದರೂ ಮೆಲ್ಲಗೆ ತಟ್ಟಿದೆ.

ಅಂಗಡಿಯವನು ತಾಳ್ಮೆಯ ಮನುಷ್ಯ. ಕಾಲಿನ ಪ್ಯಾಡು ತೋರಿಸಿ, "ಸಾರ್, ಇದು ಗಟ್ಟಿ ಫೋಮು. ಚೆಂಡು ತಗುಲಿದ್ರೆ ಕಾಲ್ ಹತ್ರ ಬೀಳಲ್ಲ, ದೂರ ಹೋಗಿ ಬೀಳುತ್ತೆ. ಮೆತ್ತಗಿದ್ರೆ ಅಲ್ಲೇ ಬಿದ್ದು, ಎದುರಿನವರು ಇನ್ನೊಂದು ಹೊಡೀತಾರೆ" ಎಂದು ವಿವರಿಸಿದ. ಮಾತು ಸರಿಯಾಗಿಯೇ ಇತ್ತು. ಸರಿಯಾಗಿದ್ದದ್ದೇ ಗೌಡರಿಗೆ ಅನುಮಾನ ತಂದಿತು. ನನ್ನ ಕಿವಿಯಲ್ಲಿ, "ಇಷ್ಟ್ ಚೆಂದಾಗ್ ಮಾತಾಡ್ತಾವ್ನೆ ಅಂದ್ರೆ ಒಳಗೆ ಏನೋ ತುಂಬವ್ರೆ ಕಣ್ಲಾ" ಅಂದರು. ಹಾಗೆನ್ನುತ್ತಲೇ ಕೊಂಡು, ಸಾಮಾನನ್ನು ತಮ್ಮ ಮನೆಗೇ ಒಯ್ದರು.

ಅದನ್ನು ಕಟ್ಟಿ ಆಡಬೇಕಿದ್ದ ಮೊದಲ ಪಂದ್ಯದ ಹಿಂದಿನ ಸಂಜೆ, ಸಾಮಾನು ತರಲು ಅವರ ಮನೆಗೆ ಹೋದೆ. ಗೌಡರು ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಮುಂದೆ ಕೂತಿದ್ದರು. ತೊಡೆಯ ಮೇಲೆ ನನ್ನ ಎಡಗಾಲಿನ ಪ್ಯಾಡು. ಆ ಪ್ಯಾಡುಗಳಿಗೆ ಮೇಲೆ ನೈಲಾನ್ ಹೊದಿಕೆ, ಬದಿಗೆ ಹೊಲಿಗೆ ಇತ್ತು. ಆ ಹೊಲಿಗೆಯನ್ನು ಉದ್ದಕ್ಕೂ ಬಿಚ್ಚಿ, ಮೊಣಕೈವರೆಗೆ ಕೈ ಇಳಿಸಿ, ಒಂದೊಂದೇ ಪದರ ಹೊರಗೆಳೆದು ಮೂಸಿ ನೋಡುತ್ತಿದ್ದರು.

"ಒಳ್ಳೆ ಮಾಲೇ ಕಣ್ಲಾ! ಮ್ಯಾಲೆಂಗೋ ಒಳಗೂ ಅಂಗೇ ಅದೆ!" ಅಂದರು. ಮುಖದಲ್ಲಿ ಸಂತೋಷಕ್ಕಿಂತ ನಿರಾಸೆಯೇ ಹೆಚ್ಚಿತ್ತು. ಆಮೇಲೆ ಎಲ್ಲವನ್ನೂ ಒಳಗೆ ತುರುಕಿ, ದಬ್ಬಳಕ್ಕೆ ಸೆಣಬಿನ ದಾರ ಪೋಣಿಸಿ, ಗೋಣಿಚೀಲ ಹೊಲಿದಂತೆ ಹೊಲಿದುಕೊಟ್ಟರು.

ಮರುದಿನ ಬಲಗಡೆ ಬಂದ ಚೆಂಡನ್ನೆಲ್ಲ ನಾನು ತಡೆದೆ. ಜನ ಚಪ್ಪಾಳೆ ಹೊಡೆದರು. ಆದರೆ ನನ್ನ ಮನಸ್ಸೆಲ್ಲ ಎಡಗಾಲಿನ ಪ್ಯಾಡಿನೊಳಗಿತ್ತು. ಪದರಗಳನ್ನು ಸರಿಯಾಗಿ ಜೋಡಿಸಿದರೋ ಇಲ್ಲವೋ, ಮೇಲಿನದು ಕೆಳಗೆ ಹೋಯಿತೋ, ನಡುವೆ ಸಂದು ಬಿಟ್ಟಿದೆಯೋ ಎಂದು ರಾತ್ರಿಯಿಡೀ ಯೋಚಿಸಿದ್ದೆ. ಆಟ ಮುಗಿಯಲು ಸ್ವಲ್ಪ ಹೊತ್ತಿದೆ ಅನ್ನುವಾಗ ಚೆಂಡು ನೇರ ಎಡಗಾಲಿಗೆ ಬಂತು. ಅಲ್ಲಾಡದೆ ನಿಂತಿದ್ದರೆ ಸಾಕಿತ್ತು. ಕಾಲು ತಾನಾಗಿ ಮೇಲೆದ್ದಿತು. ಚೆಂಡು ಅದರಡಿ ನುಸುಳಿ ಗೋಲಾಯಿತು. ಒಂದೇ ಗೋಲಿನಲ್ಲಿ ಸೋತೆವು.

ಗೌಡರು ಗೆರೆ ದಾಟಿ ಓಡಿಬಂದರು. "ಯಾಕ್ಲಾ ಕಾಲ್ ಎತ್ದೆ?"

"ಪ್ಯಾಡ್ ಒಳಗೆ ಏನದೆ ಅಂತ ಯಾರಿಗ್ಗೊತ್ತು ಗೌಡ್ರೇ?"

"ಲೇ, ನಾನೇ ಕೈ ಆಕಿ ನೋಡೀನಲ್ಲೋ!"

"ನೀವು ಕೈ ಆಕುದ್ರಲ್ಲ, ಅದ್ಕೇ ಕಣ್ರೀ."

ಅವರಿಗೆ ನನ್ನ ಮಾತು ಕಡೆಯವರೆಗೂ ಅರ್ಥವಾಗಲಿಲ್ಲ. ಅಂಗಡಿಯವನು ಮೋಸ ಮಾಡಿರಲಿಲ್ಲ, ಪ್ಯಾಡು ಮೋಸ ಮಾಡಿರಲಿಲ್ಲ, ಗೌಡರಂತೂ ನನ್ನ ಕಾಲು ಉಳಿಯಲಿ ಎಂದೇ ಅಷ್ಟೆಲ್ಲ ಒದ್ದಾಡಿದ್ದರು. ಆದರೂ ಆ ಎಡಗಾಲಿನ ಪ್ಯಾಡನ್ನು ನನ್ನಿಂದ ಮತ್ತೆ ನಂಬಲಾಗಲಿಲ್ಲ. ಕೆಲವು ಪಂದ್ಯಗಳಾದ ಮೇಲೆ ಗೋಲು ಕಾಯುವುದು ಬಿಟ್ಟು ಬ್ಯಾಕ್ ಆಡತೊಡಗಿದೆ.

ಇಷ್ಟೆಲ್ಲ ಗೊತ್ತಿದ್ದೂ ಮೊನ್ನೆ ಏನಾಯಿತು ಕೇಳಿ. ಹೆಲ್ಮೆಟ್ಟು ಹಾಕಿಸಿ ತಲೆ ಅಲ್ಲಾಡಿಸಲು ಹೇಳಿದೆ, ಅದು ಕದಲಲಿಲ್ಲ. ಗಂಟಲಿನ ಪಟ್ಟಿ ಸರಿಯಾಗಿ ಕೂತಿತು. ಕಿಕ್ಕರಿಗೂ ಪ್ಯಾಡಿಗೂ ನಡುವೆ ಸಂದು ಕಂಡು ಪಟ್ಟಿ ಬಿಗಿಸಿದೆ, ಸಂದು ಮುಚ್ಚಿತು. ಹೊರಗಿನಿಂದ ನೋಡಬಹುದಾದ್ದೆಲ್ಲ ಸರಿಯಿತ್ತು. ಅಷ್ಟಕ್ಕೆ ಸುಮ್ಮನಿರಬಹುದಿತ್ತು. ಅವಳು ನೀರು ಕುಡಿಯಲು ಒಳಗೆ ಹೋದಾಗ ನಾನು ಎದೆಗವಚವನ್ನು ಮಗುಚಿ, ಹೊಲಿಗೆ ಎಲ್ಲಿಂದ ಶುರುವಾಗುತ್ತದೆ ಎಂದು ಹುಡುಕುತ್ತಿದ್ದೆ. ಕೈಯಲ್ಲಿ ಬ್ಲೇಡಿತ್ತು.

"ಅಪ್ಪಾ!"

ಬಾಗಿಲಲ್ಲಿ ನಿಂತಿದ್ದಳು. ಬಂದು ಬ್ಲೇಡು ಕಿತ್ತುಕೊಂಡಳು. "ಅದ್ರಲ್ಲಿ ಏನದೆ ಅಂತ ನೋಡ್ಬೇಕು ತಾನೆ? ನಡಿ, ಮೈದಾನಕ್ಕೆ. ನೀನೇ ಒಡಿ."

ಕೋಲು, ಚೆಂಡು ಹಿಡಿದು ಹೋದೆವು. ಅವಳು ಎಲ್ಲ ತೊಟ್ಟು ಗೋಲಿನಲ್ಲಿ ನಿಂತಳು. ನಾನು ಮೊದಲ ಚೆಂಡನ್ನು ಉರುಳಿಸಿದೆ. ಎರಡನೆಯದನ್ನೂ ಹಾಗೇ.

"ಅದೇನಪ್ಪ, ಕೋಳಿಗೆ ಕಾಳ್ ಆಕ್ದಂಗೆ? ಭಾನ್ವಾರ ಅವ್ರು ಇಂಗೇ ಒಡೀತಾರಾ?"

ನಿಮ್ಮ ಹತ್ತಿರ ಮುಚ್ಚುಮರೆ ಯಾಕೆ? ನನಗೆ ಭಯವಾಗಿತ್ತು. ಕಂಪನಿಯ ಮೇಲೆ, ಫೋಮಿನ ಮೇಲೆ, ನಕ್ಷತ್ರ ಕೊಟ್ಟವನ ಮೇಲೆಲ್ಲ ಗೂಬೆ ಕೂರಿಸುತ್ತಿದ್ದವನು ನಿಜವಾಗಿ ಹೆದರಿದ್ದು, ಅವಳು ನನ್ನಂತೆ ಕಾಲೆತ್ತಿಬಿಟ್ಟರೆ ಎಂದು. ಕಾಲೆತ್ತದೆ ನಿಂತು ಪೆಟ್ಟು ತಿಂದುಬಿಟ್ಟರೆ ಎಂದು ಅದಕ್ಕಿಂತ ಹೆಚ್ಚು ಹೆದರಿದ್ದೆ. ಅವಳು ಏನು ಮಾಡುತ್ತಾಳೆ ಎಂಬುದು ಯಾವ ಹೊಲಿಗೆ ಬಿಚ್ಚಿದರೂ ಕಾಣುವಂತಿರಲಿಲ್ಲ. ಚೆಂಡನ್ನು ಇಟ್ಟೆ, ಹಿಂದೆ ಸರಿದೆ, ಓಡಿಬಂದು ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಅವಳ ಎದೆಯ ನೇರಕ್ಕೆ ಹೊಡೆದೆ.

ಧಪ್ಪೆಂದು ಸದ್ದಾಯಿತು. ಚೆಂಡು ವಾಪಸು ಬಂದು ನನ್ನ ಪಕ್ಕದಲ್ಲೇ ಹಾದು ಬೇಲಿಯವರೆಗೆ ಹೋಗಿರಬೇಕು. ನಾನು ನೋಡಲಿಲ್ಲ.

"ಕಣ್ ಮುಚ್ಕಂಡ್ಯಲ್ಲಪ್ಪ!" ಸಹನಾ ಗೋಲಿನ ನಡುವೆ, ನಿಂತಲ್ಲೇ ನಿಂತಿದ್ದಳು. "ಇನ್ನೊಂದ್ ಒಡಿ. ಈ ಸಲ ನನ್ನ ನೋಡ್ಕಂಡು ಒಡಿ."